ದ್ವೀಪದ ಬೇಸಾಯ, ಬಂದರಿನ ಲೆಕ್ಕ

ಶ್ರೀಲಂಕಾ ಎಂದ ಕೂಡಲೇ ಮೂಡಿಗೆರೆ, ಸಕಲೇಶಪುರದ ಕಡೆ ತೋಟದವರ ಬಾಯಲ್ಲಿ ಬರುವುದು ಎರಡೇ ಮಾತು. ಅಲ್ಲಿಂದ ಕಾಳುಮೆಣಸು ಬಂದು ಇಲ್ಲಿ ದರ ಬಿತ್ತು ಎನ್ನುವುದು ಒಂದು. ಸಾವಯವಕ್ಕೆ ಹೋಗಿ ದೇಶವೇ ದಿವಾಳಿಯಾಯಿತು ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ನಿಜವಿದೆ. ಉಳಿದರ್ಧ ಸಿಗಬೇಕಾದರೆ ಗದ್ದೆಗಿಂತ ಮೊದಲು ಬಂದರನ್ನು ನೋಡಬೇಕು. ದ್ವೀಪದ ರೈತನಿಗೆ ಯೂರಿಯಾ, ಪೊಟ್ಯಾಷ್, ಡೀಸೆಲ್, ಬಿತ್ತನೆ ಆಲೂಗಡ್ಡೆ ಎಲ್ಲವೂ ಹಡಗಿನಲ್ಲಿ ಬರುತ್ತವೆ, ಡಾಲರ್ ಕೊಟ್ಟರೆ ಮಾತ್ರ ಇಳಿಯುತ್ತವೆ. ಆ ಡಾಲರ್‌ನಲ್ಲಿ ದೊಡ್ಡ ಪಾಲು ತರುವುದೂ ಬೇಸಾಯವೇ. ಹಾಗಾಗಿ ಒಳಸುರಿಯಲ್ಲಿ ಉಳಿಸುತ್ತೇನೆಂದು ಹೊರಟವನು ಫಸಲನ್ನೇ ಕಡಿದುಕೊಳ್ಳುವುದು ಅಲ್ಲಿ ತೀರಾ ಸುಲಭ.

2019ರ ಚುನಾವಣೆಯಲ್ಲಿ, ಅದನ್ನು ಗೆದ್ದು ಅಧ್ಯಕ್ಷರಾದ ಗೋಟಬಯ ರಾಜಪಕ್ಸ ಹೇಳಿದ್ದು ಹತ್ತು ವರ್ಷದಲ್ಲಿ ಸಾವಯವಕ್ಕೆ ಬದಲಾಗುವ ಮಾತು. 2021ರ ಮೇ ತಿಂಗಳಲ್ಲಿ ಆಗಿದ್ದು ಬೇರೆ: ಒಂದೇ ಗೆಜೆಟ್‌ನಲ್ಲಿ ರಾಸಾಯನಿಕ ಗೊಬ್ಬರ, ಕೀಟನಾಶಕ, ಕಳೆನಾಶಕಗಳ ಆಮದು ನಿಂತಿತು. ಕೋವಿಡ್‌ನಿಂದ ಪ್ರವಾಸಿಗರ ಡಾಲರ್ ಬತ್ತಿದ್ದ ಹೊತ್ತು ಅದು. ಅದಕ್ಕೂ ಹಿಂದಿನ ವರ್ಷ ಗೊಬ್ಬರದ ಆಮದಿಗೆ ಸುಮಾರು 26 ಕೋಟಿ ಡಾಲರ್ ಹೋಗಿತ್ತು. ಮಣ್ಣಿನ ಮೇಲಿನ ಕಾಳಜಿಯ ಹಿಂದೆ ಈ ಲೆಕ್ಕವೂ ಇತ್ತೆಂದು ಅನುಮಾನಿಸುವುದರಲ್ಲಿ ತಪ್ಪಿಲ್ಲ. ಆದರೆ ಚಹಾ ರಫ್ತು ಒಂದರಿಂದಲೇ ಆ ದೇಶಕ್ಕೆ ವರ್ಷಕ್ಕೆ 120ರಿಂದ 130 ಕೋಟಿ ಡಾಲರ್ ಬರುತ್ತಿತ್ತು. 26 ಕೋಟಿ ಉಳಿಸಲು ಹೋಗಿ ಕೈ ಇಟ್ಟಿದ್ದು ಅದರ ಬುಡಕ್ಕೆ.

ಸಾವಯವ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳವನ್ನು ಬದಿಗಿಟ್ಟು ಸಾರಜನಕದ ಲೆಕ್ಕವನ್ನಷ್ಟೇ ಹಾಕೋಣ. ಹೆಕ್ಟೇರಿಗೆ ಐದು ಟನ್ ಭತ್ತ ಬೆಳೆಯುವ ಗದ್ದೆಗೆ ಸುಮಾರು 100 ಕೆಜಿ ಸಾರಜನಕ ಕೊಡಬೇಕು ಎಂದಿಟ್ಟುಕೊಳ್ಳಿ. ಯೂರಿಯಾದಲ್ಲಿ ಶೇ. 46 ಸಾರಜನಕ. ಅಂದರೆ ಹೆಕ್ಟೇರಿಗೆ 217 ಕೆಜಿ, ಎಕರೆಗೆ ನಮ್ಮ 45 ಕೆಜಿಯ ಎರಡು ಚೀಲ. ಬೈಕಿನ ಹಿಂದೆ ಕಟ್ಟಿಕೊಂಡು ಹೋಗಬಹುದಾದ ಮಾಲು. ಅದೇ ಸಾರಜನಕವನ್ನು ಕಾಂಪೋಸ್ಟ್‌ನಲ್ಲಿ ಕೊಡಬೇಕಾದರೆ? ಚೆನ್ನಾಗಿ ಕಳಿತ ಕಾಂಪೋಸ್ಟ್‌ನಲ್ಲೂ ಹಸಿ ತೂಕದ ಮೇಲೆ ಸಾರಜನಕ ಶೇ. 1ರ ಆಸುಪಾಸು. ಹೆಕ್ಟೇರಿಗೆ 10 ಟನ್ ಬೇಕು. ಆ ಹತ್ತು ಟನ್ನೂ ಮೊದಲ ಬೆಳೆಗೆ ಪೂರ್ತಿ ಒದಗುವುದಿಲ್ಲ, ಹೆಚ್ಚೆಂದರೆ ಮೂರನೇ ಒಂದು ಪಾಲು ಬಿಡುಗಡೆಯಾಗುತ್ತದೆ. ಮೊದಲ ವರ್ಷವೇ ಯೂರಿಯಾಕ್ಕೆ ಸಮ ಬರಬೇಕೆಂದರೆ 30 ಟನ್, ಎಕರೆಗೆ ನಾಲ್ಕೈದು ಟ್ರಾಕ್ಟರ್ ಲೋಡು. ಶ್ರೀಲಂಕಾದಲ್ಲಿ ಮಹಾ ಎಂದು ಕರೆಯುವ ಹಿಂಗಾರಿನ ಬೆಳೆ ಏಳೆಂಟು ಲಕ್ಷ ಹೆಕ್ಟೇರಿನಲ್ಲಿ ಇರುತ್ತದೆ. ಗುಣಿಸಿ ನೋಡಿದರೆ ಎರಡು ಕೋಟಿ ಟನ್ ದಾಟುತ್ತದೆ. ಒಂದು ಟನ್ ಕಾಂಪೋಸ್ಟ್‌ಗೆ ಎರಡು-ಮೂರು ಟನ್ ಹಸಿ ಕಚ್ಚಾವಸ್ತು ಬೇಕು. ಅಷ್ಟು ಸೊಪ್ಪು, ಸಗಣಿ, ಅದನ್ನು ಸಾಗಿಸುವ ಲಾರಿ, ಲಾರಿಗೆ ಡೀಸೆಲ್ ಆರು ತಿಂಗಳಲ್ಲಿ ಎಲ್ಲಿಂದ ಬರಬೇಕು? ಆ ಡೀಸೆಲ್ ಕೂಡ ಹಡಗಿನಲ್ಲೇ ಬರುವುದು.

ಪ್ರಮಾಣದ ಮಾತು ಹೀಗಾದರೆ, ಸಮಯದ್ದು ಇನ್ನೊಂದು ಕಷ್ಟ. ಭತ್ತ ಸಾರಜನಕ ಕೇಳುವುದು ತೆಂಡೆ ಒಡೆಯುವಾಗ ಮತ್ತು ತೆನೆ ಹುಟ್ಟುವಾಗ. ಯೂರಿಯಾವನ್ನು ಆ ಹೊತ್ತಿಗೆ ಸರಿಯಾಗಿ ಕೊಡಬಹುದು. ಕಾಂಪೋಸ್ಟ್ ತನಗೆ ಬೇಕಾದಾಗ ಬಿಡುತ್ತದೆ. ಅವಸರದಲ್ಲಿ ಮಾಡಿದ ಅರೆಬೆಂದ ಗೊಬ್ಬರವಾದರೆ ಪರಿಣಾಮ ಉಲ್ಟಾ. ಹುಲ್ಲಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಸಸಿ ಹಳದಿಯಾಗುತ್ತದೆ. ನಾಟಿಗೆ ಎರಡು-ಮೂರು ವಾರ ಮೊದಲೇ ಉತ್ತು ನೀರು ಕಟ್ಟಿ ಕೊಳೆಸಿದರೆ ಈ ತೊಂದರೆ ಇಲ್ಲ. ನಮ್ಮ ಗದ್ದೆಯವರಿಗೆ ಇದು ಹೊಸ ವಿಷಯವೇನಲ್ಲ. ದೇಶಕ್ಕೆ ದೇಶವೇ ಒಂದೇ ಹಂಗಾಮಿನಲ್ಲಿ ಕಲಿಯಬೇಕು ಎಂದಾಗ ಕಷ್ಟ. 2021–22ರ ಮಹಾ ಬೆಳೆಯಲ್ಲಿ ಭತ್ತ ಹಿಂದಿನ ವರ್ಷಕ್ಕಿಂತ ಶೇ. 40ರ ಆಸುಪಾಸಿನಲ್ಲಿ ಕುಸಿಯಿತು. ನವೆಂಬರ್‌ನಲ್ಲೇ ಸರ್ಕಾರ ನಿಷೇಧ ಹಿಂದೆಗೆದುಕೊಂಡಿತ್ತು, ಆದರೆ ಬಿತ್ತನೆ ಮುಗಿದಿತ್ತು, ಗೊಬ್ಬರ ಕೊಳ್ಳಲು ಡಾಲರ್ ಇರಲಿಲ್ಲ. ಕೊನೆಗೆ ಅಕ್ಕಿಯನ್ನೇ ಆಮದು ಮಾಡಬೇಕಾಯಿತು.

ಚಹಾ 2021ರಲ್ಲಿ 29.9 ಕೋಟಿ ಕೆಜಿ ಇದ್ದದ್ದು 2022ರಲ್ಲಿ 25.1 ಕೋಟಿಗೆ ಇಳಿಯಿತು. ಇಲ್ಲಿ ಹೊಡೆತ ತಡವಾಗಿ ಬಿದ್ದಿದೆ ಎನ್ನುವುದನ್ನು ಗಮನಿಸಬೇಕು. ಗಿಡ ಸ್ವಲ್ಪ ಕಾಲ ಬೇರು-ಕಾಂಡದಲ್ಲಿ ಕೂಡಿಟ್ಟದ್ದರ ಮೇಲೆ ನಡೆಯುತ್ತದೆ. ಆಮೇಲೆ ಚಿಗುರು ನಿಲ್ಲುತ್ತದೆ, ಮೊಗ್ಗು ಬೆಳೆಯದೆ ನಿಂತ ‘ಬಂಜಿ’ ಕುಡಿಗಳು ಹೆಚ್ಚುತ್ತವೆ, ವಾರಕ್ಕೊಮ್ಮೆ ಕೊಯ್ಯುವ ಕಡೆ ಹತ್ತು ದಿನವಾದರೂ ಬುಟ್ಟಿ ತುಂಬುವುದಿಲ್ಲ. ಕಾಫಿಯವರು ಇದನ್ನು ತಮ್ಮ ತೋಟಕ್ಕೆ ಹೋಲಿಸಿ ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಒಂದು ಟನ್ ತಯಾರಾದ ಚಹಾದೊಂದಿಗೆ 40 ಕೆಜಿಯಷ್ಟು ಸಾರಜನಕ ತೋಟ ಬಿಟ್ಟು ಹೋಗುತ್ತದೆ. ಒಂದು ಟನ್ ಕಾಫಿ ಬೇಳೆಯ ಹಣ್ಣಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಕಾಫಿಯಲ್ಲಿ ಹಣ್ಣಿನ ಸಿಪ್ಪೆಯನ್ನು ಕೊಳೆಸಿ ತೋಟಕ್ಕೇ ಹಾಕಬಹುದು, ನೆರಳಿನ ಮರಗಳ ತರಗೆಲೆ ಬೇರೆ ಬೀಳುತ್ತದೆ. ಚಹಾದಲ್ಲಿ ಎಲೆಯೇ ಫಸಲು, ತೋಟಕ್ಕೆ ಮರಳುವುದು ಕವಾತು ಮಾಡಿದ ವರ್ಷದ ಸೊಪ್ಪು ಮಾತ್ರ. ಅದೂ ಅಲ್ಲಿನ ಚಹಾದಲ್ಲಿ ಶೇ. 70ರಷ್ಟು ಬರುವುದು ಸಣ್ಣ ಹಿಡುವಳಿದಾರರಿಂದ. ನಾಲ್ಕು ದನ ಕಟ್ಟಲೂ ಜಾಗವಿಲ್ಲದವರಿಗೆ ಕೊಟ್ಟಿಗೆ ಗೊಬ್ಬರ ಮಾಡಿಕೊಳ್ಳಿ ಎಂದರೆ ಏನು ಮಾಡಿಯಾರು?

ನಿಷೇಧದ ನಡುವೆ ಚೀನಾದಿಂದ ತರಿಸಿದ ಸಾವಯವ ಗೊಬ್ಬರದ ಹಡಗಿನ ಕಥೆಯೂ ಇದೆ. ಮಾದರಿಯಲ್ಲಿ ಎರ್ವಿನಿಯಾ ಎಂಬ ಕೊಳೆರೋಗದ ಬ್ಯಾಕ್ಟೀರಿಯಾ ಕಂಡಿತೆಂದು ಮಾಲು ಇಳಿಸಲು ಬಿಡಲಿಲ್ಲ, ಕೊನೆಗೆ ಮಾಲಿಲ್ಲದೆಯೇ 67 ಲಕ್ಷ ಡಾಲರ್‌ನಷ್ಟು ಕಟ್ಟಬೇಕಾಯಿತು. ಗೊಬ್ಬರವನ್ನು ಹಡಗಿನಲ್ಲೇ ತರುವುದಾದರೆ ನೂರು ಕೆಜಿಗೆ ಒಂದೆರಡು ಕೆಜಿ ಸಾರಜನಕವಿರುವ ಮಾಲು ಏಕೆ, 46 ಕೆಜಿ ಇರುವ ಮಾಲು ಏಕಲ್ಲ ಎಂದು ಯಾರಾದರೂ ಕೇಳಬೇಕಿತ್ತು. ಕಾಂಪೋಸ್ಟ್‌ನಲ್ಲಿ ರೋಗಾಣು, ಕಳೆಬೀಜ ಸಾಯಬೇಕಾದರೆ ಉದ್ದನೆಯ ರಾಶಿಯ ಒಳಗೆ 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ 15 ದಿನ ಇರಬೇಕು, ಅಷ್ಟರಲ್ಲಿ ಕನಿಷ್ಠ ಐದು ಸಲ ಮಗುಚಬೇಕು. ಮಗುಚದ ರಾಶಿಯ ಹೊರಮೈ ತಣ್ಣಗೇ ಉಳಿದು ಅಲ್ಲಿನ ರೋಗಾಣು ಹಾಗೇ ಬದುಕಿರುತ್ತದೆ. ನಮ್ಮಲ್ಲಿ ಶುಂಠಿ ಗದ್ದೆಯ ಕಸವನ್ನು ಗೊಬ್ಬರದ ಗುಂಡಿಗೆ ಹಾಕುವವರೂ ಇದನ್ನು ನೆನಪಿಡಬೇಕು.

ಹಾಗಾದರೆ ಆಮದು ಗೊಬ್ಬರ ಕಡಿಮೆ ಮಾಡಲು ಬರುವುದೇ ಇಲ್ಲವೇ? ಬರುತ್ತದೆ, ಆದರೆ ಒಂದೊಂದು ಪೋಷಕಾಂಶಕ್ಕೆ ಒಂದೊಂದು ದಾರಿ. ಪೊಟ್ಯಾಷ್ ಎಲ್ಲಕ್ಕಿಂತ ಸುಲಭ. ಭತ್ತದ ಗಿಡ ಹೀರಿದ ಪೊಟ್ಯಾಷ್‌ನಲ್ಲಿ ಮುಕ್ಕಾಲು ಪಾಲು ಹುಲ್ಲಿನಲ್ಲೇ ಉಳಿಯುತ್ತದೆ. ಕಣದಲ್ಲಿ ಹುಲ್ಲು ಸುಡುವ ಬದಲು ಗದ್ದೆಗೆ ಹರಡಿದರೆ ಆಮದಿನ ಒಂದು ದೊಡ್ಡ ಭಾಗ ಅಲ್ಲಿಗೇ ತಪ್ಪಿತು. ಇನ್ನು ರಂಜಕ. ಅನುರಾಧಪುರ ಜಿಲ್ಲೆಯ ಎಪ್ಪಾವಲದಲ್ಲಿ 1971ರಲ್ಲಿ ಸಿಕ್ಕ ರಂಜಕದ ಕಲ್ಲಿನ ನಿಕ್ಷೇಪ ಆ ದೇಶದ ಸ್ವಂತ ಆಸ್ತಿ. ಅದನ್ನು ಪುಡಿ ಮಾಡಿ ಚಹಾ, ರಬ್ಬರ್, ತೆಂಗಿಗೆ ಹಾಕುತ್ತಾರೆ. ಹುಳಿ ಮಣ್ಣು, ವರ್ಷಗಟ್ಟಲೆ ನಿಲ್ಲುವ ಬೇರು ಇದ್ದಲ್ಲಿ ಅದು ನಿಧಾನಕ್ಕೆ ಕರಗುತ್ತದೆ. ನೀರು ಕಟ್ಟಿದ ಗದ್ದೆಯ ಮಣ್ಣಿನ ಹುಳಿ ಇಳಿದುಬಿಡುತ್ತದೆ, ಬೆಳೆಯೂ ಮೂರೂವರೆ-ನಾಲ್ಕು ತಿಂಗಳದ್ದು, ಹಾಗಾಗಿ ಭತ್ತಕ್ಕೆ ಅದು ಒದಗದು. ನಾವು ಕಾಫಿಗೆ ರಾಕ್ ಫಾಸ್ಫೇಟ್ ಹಾಕುವುದೂ ಇದೇ ತರ್ಕದಲ್ಲಿ. ಸುಣ್ಣ ಹಾಕಿದ ಬೆನ್ನಿಗೇ ರಾಕ್ ಫಾಸ್ಫೇಟ್ ಹಾಕುವವರಿದ್ದಾರೆ. ಹುಳಿ ತಗ್ಗಿಸಿ, ಹುಳಿಯಲ್ಲೇ ಕರಗಬೇಕಾದದ್ದನ್ನು ಹಾಕಿದರೆ ದುಡ್ಡು ಮಣ್ಣಲ್ಲಿ ಕಲ್ಲಾಗಿಯೇ ಕೂರುತ್ತದೆ.

ಸಾರಜನಕಕ್ಕೆ ಅವರ ಉತ್ತರ ಗೊಬ್ಬರದ ಗಿಡ, ಗ್ಲಿರಿಸಿಡಿಯಾ. ಚಹಾ, ರಬ್ಬರ್, ತೆಂಗಿನ ಸಾಲಿಗೆ ಸೇರಿಸಿ ಅದನ್ನು ನಾಲ್ಕನೇ ತೋಟದ ಬೆಳೆ ಎಂದೇ ಸರ್ಕಾರ ಘೋಷಿಸಿದೆ. ನೂರು ಕೆಜಿ ಹಸಿ ಸೊಪ್ಪಿನಲ್ಲಿ ಒಣ ತೂಕ 20–25 ಕೆಜಿ, ಅದರಲ್ಲಿ ಸಾರಜನಕ ಮುಕ್ಕಾಲರಿಂದ ಒಂದು ಕೆಜಿ, ಅಂದರೆ ಒಂದೂವರೆ-ಎರಡು ಕೆಜಿ ಯೂರಿಯಾಕ್ಕೆ ಸಮ. ತೆಂಗಿನ ಸಾಲುಗಳ ನಡುವೆ ನೆಟ್ಟು ವರ್ಷಕ್ಕೆ ಎರಡು-ಮೂರು ಸಲ ಸವರಿ ಮರದ ಬುಡಕ್ಕೆ ಹಾಕಿದರೆ ತೆಂಗಿಗೆ ಬೇಕಾದ ಸಾರಜನಕದ ಬಹುಪಾಲು ಸಿಗುತ್ತದೆ. ಅರಸೀಕೆರೆ, ಕಡೂರಿನ ತೆಂಗಿನ ತೋಟಗಳಿಗೂ ಇದು ಕೂಡಿಬರುವ ಲೆಕ್ಕ. ಎಕರೆಗಟ್ಟಲೆ ಭತ್ತಕ್ಕೆ ಸೊಪ್ಪು ಹೊರುವುದು ಮಾತ್ರ ಕೂಲಿಯಲ್ಲೇ ಸೋಲುತ್ತದೆ. ಅಲ್ಲಿ ಯೂರಿಯಾವನ್ನೇ ಜಾಣತನದಿಂದ ಬಳಸಬೇಕು: ಎಲೆಯ ಹಸಿರನ್ನು ಹೋಲಿಸುವ ಬಣ್ಣದ ಪಟ್ಟಿ ಹಿಡಿದು ನೋಡಿ, ಬೇಕಾದಾಗಷ್ಟೇ, ಮೂರು ಕಂತಿನಲ್ಲಿ. 2005ರಿಂದ 50 ಕೆಜಿ ಚೀಲವನ್ನು ಅವರ ದುಡ್ಡಿನಲ್ಲಿ 350 ರೂಪಾಯಿಗೆ ಕೊಟ್ಟ ಸಬ್ಸಿಡಿಯಿಂದ ಅಳತೆ ಮೀರಿ ಸುರಿಯುವ ಅಭ್ಯಾಸ ಬೆಳೆಯಿತು. ನಮ್ಮ ಯೂರಿಯಾ ಚೀಲದ ದರ ನೋಡಿದವರು ಶ್ರೀಲಂಕಾದವರನ್ನು ಆಡಿಕೊಳ್ಳುವ ಹಾಗಿಲ್ಲ.

ಒಂದೇ ಬೆಳೆಗೆ ಜೋತುಬೀಳುವ ಅಪಾಯವನ್ನು ಆ ದ್ವೀಪ ನೂರೈವತ್ತು ವರ್ಷದ ಹಿಂದೆಯೇ ಕಂಡಿದೆ. ಕಾಫಿಯ ಎಲೆ ತುಕ್ಕು ರೋಗ ಸಿಲೋನಿನಲ್ಲಿ ಬೆಳಕಿಗೆ ಬಂದದ್ದು 1869ರಲ್ಲಿ. 1870ರ ಸುಮಾರಿಗೆ ವರ್ಷಕ್ಕೆ 45,000 ಟನ್ ಕಾಫಿ ಕಳಿಸುತ್ತಿದ್ದ ದ್ವೀಪ ಇಪ್ಪತ್ತು ವರ್ಷದಲ್ಲಿ ಅದರ ಹತ್ತರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯಿತು. ಗುಡ್ಡದಿಂದ ಗುಡ್ಡಕ್ಕೆ ನೆರಳಿಲ್ಲದ ಒಂದೇ ಜಾತಿಯ ಅರೇಬಿಕಾ, ಎರಡೂ ಮಳೆಗಾಲದಲ್ಲಿ ಒದ್ದೆಯಾಗೇ ಇರುವ ಎಲೆ, ಶಿಲೀಂಧ್ರಕ್ಕೆ ಇನ್ನೇನು ಬೇಕು? ತುಕ್ಕು ನಮ್ಮ ಕಡೆಗೂ ಬಂತು. ಆದರೆ ಇಲ್ಲಿ ಮರದ ನೆರಳಿತ್ತು, ಆಮೇಲೆ ತುಕ್ಕು ತಾಳುವ ಕೆಂಟ್ಸ್ ತಳಿ ಬಂತು, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಶುರುವಾಯಿತು, ಅಲ್ಲಿಂದ ಎಸ್. 795 ಎಂಬ ತಳಿ ಬಂತು. ಜೊತೆಗೆ 200 ಲೀಟರಿಗೆ ಒಂದು ಕೆಜಿ ಮೈಲುತುತ್ತದ ಲೆಕ್ಕದಲ್ಲಿ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವುದು ವಾಡಿಕೆಯಾಯಿತು. ಸಿಲೋನಿನವರು ಕಾಫಿ ಕಿತ್ತು ಚಹಾ ಹಾಕಿದರು. ಲಾಭವೇನೋ ಆಯಿತು, ಆದರೆ ಒಂದು ಒಂಟಿ ಬೆಳೆಯ ಜಾಗಕ್ಕೆ ಇನ್ನೊಂದು ಒಂಟಿ ಬೆಳೆ ಬಂತು ಅಷ್ಟೆ. ಸಮುದ್ರ ಸುತ್ತ ಇದೆ ಎಂದ ಮಾತ್ರಕ್ಕೆ ರೋಗ-ಕೀಟ ನಿಲ್ಲುವುದಿಲ್ಲ. ಮೆಕ್ಕೆಜೋಳದ ಫಾಲ್ ಸೈನಿಕ ಹುಳು 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಕಂಡಿತು, ಅದೇ ವರ್ಷ ಶ್ರೀಲಂಕಾವನ್ನೂ ಮುಟ್ಟಿತು. ಹಾರುವ ಪತಂಗವನ್ನು ಬಂದರಿನಲ್ಲಿ ತಡೆಯಲಾಗದು. ತಡೆಯಬಹುದಾದದ್ದು ಮಣ್ಣು, ಸಸಿ, ಬಿತ್ತನೆ ಗೆಡ್ಡೆ. ಜಲಂಧರದ ಬಿತ್ತನೆ ಆಲೂಗಡ್ಡೆಯನ್ನು ಕಾಯುವ ಹಾಸನದ ರೈತನಿಗೆ ಬಿತ್ತನೆ ಹೊರಗಿನಿಂದ ಬರುವುದೆಂದರೆ ಏನು ಎಂದು ವಿವರಿಸಬೇಕಿಲ್ಲ. ಲಂಕೆಯ ಗುಡ್ಡಗಾಡಿನ ನುವರ ಎಳಿಯದ ಆಲೂಗಡ್ಡೆಯವನೂ ಅದೇ ಸ್ಥಿತಿಯಲ್ಲಿದ್ದಾನೆ, ಅವನ ಬಿತ್ತನೆ ಬರುವುದು ಯುರೋಪಿನಿಂದ.

ಅವರಿಂದ ನಾವು ಕಲಿಯಬೇಕಾದದ್ದು ಹೆಚ್ಚಾಗಿ ಇರುವುದು ನೀರಿನಲ್ಲಿ. ಒಣ ವಲಯದಲ್ಲಿ ಮಳೆಯ ಬಹುಪಾಲು ಅಕ್ಟೋಬರಿನಿಂದ ಜನವರಿಯೊಳಗೆ ಸುರಿದುಹೋಗುತ್ತದೆ. ಒಂದು ಕಣಿವೆಯ ಉದ್ದಕ್ಕೂ ಒಂದರ ಕೆಳಗೊಂದು ಕೆರೆ. ಮೇಲಿನ ಕೆರೆಯ ಕೋಡಿ ಮತ್ತು ಗದ್ದೆಯ ಬಸಿನೀರು ಕೆಳಗಿನ ಕೆರೆಗೆ. ಈ ಕೆರೆ ಸರಪಳಿಯನ್ನು 2017ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಕಡೂರು, ತರೀಕೆರೆ, ಚನ್ನರಾಯಪಟ್ಟಣದ ಕಡೆಯ ಕೆರೆಗಳೂ ಇದೇ ರೀತಿ ಜೋಡಿಸಿಕೊಂಡವು. ಅವರಲ್ಲಿ ಕೆರೆಯ ಸುತ್ತಣ ಅಂಗಗಳಿಗೂ ಹೆಸರು, ಕೆಲಸ ಎರಡೂ ಇವೆ. ಎಲ್ಲಕ್ಕಿಂತ ಮೇಲೆ ಹೂಳು ಹಿಡಿಯಲೆಂದೇ ಕುಳುವೆವ ಎಂಬ ಒಂದು ಪುಟ್ಟ ಕೆರೆ, ಅದರಿಂದ ಗದ್ದೆಗೆ ನೀರು ಬಿಡುವಂತಿಲ್ಲ. ಕೆರೆಯೊಳಕ್ಕೆ ನೀರು ಬರುವ ಕಡೆ ಹುಲ್ಲಿನ ಪಟ್ಟಿ ಪೆರಹನ, ಮಣ್ಣು ಸೋಸಲು. ಅಂಗಳದ ಅಂಚಿಗೆ ಗಸ್ಗೊಮ್ಮನ ಎಂಬ ಮರದ ಸಾಲು, ಗಾಳಿ ತಡೆದು ಆವಿಯಾಗುವುದನ್ನು ತಗ್ಗಿಸಲು. ಏರಿಯ ಕೆಳಗೆ, ಗದ್ದೆ ಶುರುವಾಗುವ ಮುಂಚೆ ಕಟ್ಟಕಡುವ ಎಂಬ ಗಿಡಗಂಟಿ ಜಾಗ, ಜಿನುಗುವ ನೀರಿನ ಉಪ್ಪನ್ನು ಹೀರಲು.

ಕೆರೆ ಅಭಿವೃದ್ಧಿ ಎಂದರೆ ಜೆಸಿಬಿ ಎಂದುಕೊಂಡ ಕಡೆ ಮೊದಲು ಹೋಗುವುದು ಇವೇ. ಅಲ್ಲೂ ಹೀಗೇ ಆಗಿದೆ. ಹೂಳಿನ ನೆಪದಲ್ಲಿ ತೂಬಿನ ಮಟ್ಟಕ್ಕಿಂತ ಕೆಳಗೆ ತೋಡಿದರೆ ಆ ನೀರು ಗದ್ದೆಗೆ ಹರಿಯುವುದಿಲ್ಲ. ತಳದ ಜೇಡಿಯ ಪದರ ಹರಿದರೆ ನೀರು ಇಂಗಿಹೋಗುತ್ತದೆ. ಮೇಲಿನ ಕೆರೆಯ ಏರಿಯನ್ನು ಎರಡಡಿ ಎತ್ತರಿಸಿದರೆ ಅಷ್ಟು ನೀರು ಕೆಳಗಿನ ಊರಿಗೆ ಕಡಿಮೆಯಾಗಿ ಜಗಳ ಶುರುವಾಗುತ್ತದೆ. ಒಂದು ಕೆರೆಯನ್ನಲ್ಲ, ಸರಪಳಿಯನ್ನು ಅಳೆಯಬೇಕು, ಕೆಲಸ ಮೇಲಿನಿಂದ ಕೆಳಕ್ಕೆ ಬರಬೇಕು. ಬರಗಾಲಕ್ಕೆ ಅವರದೊಂದು ಕಟ್ಟಳೆ ಇದೆ, ಬೆತ್ಮ. ಕೆರೆ ಅರ್ಧವೇ ತುಂಬಿದ ವರ್ಷ ಏರಿಗೆ ಹತ್ತಿರದ ಗದ್ದೆಗಳನ್ನಷ್ಟೇ ಬೆಳೆಯುವುದು, ಆ ಜಾಗವನ್ನು ಎಲ್ಲ ಹಿಡುವಳಿದಾರರೂ ಆ ಹಂಗಾಮಿಗೆ ಹಂಚಿಕೊಳ್ಳುವುದು. ಉದ್ದ ಕಾಲುವೆಯಲ್ಲಿ ಪೋಲಾಗುವ ನೀರು ಉಳಿಯುತ್ತದೆ, ಅಚ್ಚುಕಟ್ಟಿನ ಕೊನೆಯವನಿಗೂ ಮನೆಗಾಗುವಷ್ಟು ಭತ್ತ ಸಿಗುತ್ತದೆ. ನಮ್ಮ ನೀರು ಬಳಕೆದಾರರ ಸಂಘಗಳಲ್ಲಿ ಇದನ್ನು ಪ್ರಸ್ತಾಪಿಸಿ ನೋಡಿ, ಏರಿ ಪಕ್ಕದ ಗದ್ದೆಯವರ ಮುಖ ಹೇಗಾಗುತ್ತದೋ.

ಈಗ ಮೆಣಸಿಗೆ ಬರೋಣ. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ 2000ದ ಮಾರ್ಚಿನಿಂದ ಜಾರಿಯಲ್ಲಿದೆ. ವಿಯೆಟ್ನಾಂ ಮೆಣಸಿಗೆ ಶೇ. 50ಕ್ಕೂ ಮೀರಿದ ಸುಂಕವಿದ್ದಾಗ ಶ್ರೀಲಂಕಾದ್ದು ಸುಂಕವಿಲ್ಲದೆಯೋ ಅಲ್ಪ ಸುಂಕದಲ್ಲೋ ಬರುತ್ತಿತ್ತು. ಅಷ್ಟು ಅಂತರವಿದ್ದ ಮೇಲೆ ವಿಯೆಟ್ನಾಂ ಮಾಲು ಲಂಕೆಯಲ್ಲಿ ಬೆಳೆದದ್ದೆಂಬ ಮೂಲಪತ್ರ ಹಿಡಿದು ಬರುತ್ತದೆ ಎಂಬ ದೂರು ಏಳದೇ ಇರುತ್ತದೆಯೇ? 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ದರ ಹಾಕಿತು. ಇದರಲ್ಲಿ ಲಂಕೆಯ ಬೆಳೆಗಾರನಿಗೆ ಸಿಕ್ಕಿದ್ದು ಏನೂ ಇಲ್ಲ, ಅವನ ಮಾಲಿನ ಹೆಸರು ಕೆಟ್ಟಿತು ಅಷ್ಟೆ.

ಬೆಳೆಯುವ ರೀತಿಯಲ್ಲಿ ಅವರದ್ದು ಕೆಲವು ವಿಷಯಕ್ಕೆ ನಮಗಿಂತ ಅನುಕೂಲ. ಗ್ಲಿರಿಸಿಡಿಯಾ ಗೂಟಕ್ಕೆ 2.4 ಮೀಟರ್ ಅಂತರದಲ್ಲಿ ಬಳ್ಳಿ ಹಬ್ಬಿಸುತ್ತಾರೆ, ಹೆಕ್ಟೇರಿಗೆ 1,700ರಷ್ಟು. ಮರವನ್ನು ಸವರಿ ಗಿಡ್ಡ ಇಡುವುದರಿಂದ ಕೊಯ್ಲು ಸಲೀಸು, ಸವರಿದ ಸೊಪ್ಪು ಬುಡಕ್ಕೆ ಗೊಬ್ಬರ. ನಮ್ಮಲ್ಲಿ ಸಿಲ್ವರ್ ಓಕಿನ ನಲವತ್ತಡಿ ಎತ್ತರಕ್ಕೆ ಏಣಿ ಹಾಕಿ ಹತ್ತುವ ಆಳು ಸಿಗುವುದೇ ಈಗ ಕಷ್ಟ. ಅವರು ಸೋಲುವುದು ಕೊಯ್ಲಿನ ಸಮಯದಲ್ಲಿ. ಕಳ್ಳತನದ ಭಯಕ್ಕೆ, ಕೈಸಾಲದ ಒತ್ತಡಕ್ಕೆ ಎಳೆಗೊನೆ ಕೊಯ್ಯುತ್ತಾರೆ. ಬಲಿತ ಮೆಣಸು ನೂರು ಕೆಜಿ ಹಸಿಗೆ 33 ಕೆಜಿ ಒಣಗಿ ಬಂದರೆ ಎಳೆಯದು 20–25ಕ್ಕೆ ನಿಲ್ಲುತ್ತದೆ, ಲೀಟರ್ ತೂಕ, ಅಂದರೆ ಒಂದು ಲೀಟರ್ ಅಳತೆಯ ಕಾಳಿನ ತೂಕ, 550 ಗ್ರಾಂ ಮುಟ್ಟುವುದಿಲ್ಲ. ಎಣ್ಣೆ ತೆಗೆಯುವ ಕಾರ್ಖಾನೆಗೆ ಎಳೆಕಾಳೇ ಬೇಕು, ಅದರಲ್ಲಿ ಎಣ್ಣೆ ಹೆಚ್ಚು. ಆ ಖರೀದಿದಾರನಿಗೆ ಬೇರೆ ಲಾಟ್ ಎಂದು ಮೊದಲೇ ಗೊತ್ತು ಮಾಡಿ ಕೊಯ್ದರೆ ಅದೂ ಒಂದು ವ್ಯಾಪಾರ. ಎರಡನ್ನೂ ಬೆರೆಸಿದರೆ ಎರಡೂ ದರ ಸಿಗುವುದಿಲ್ಲ. ಬಲಿತದ್ದನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ, ತೇವ ಶೇ. 11ರ ಒಳಗೆ ಬರುವ ತನಕ ಸಿಮೆಂಟ್ ಕಣ ಅಥವಾ ತಾಡಪಾಲಿನ ಮೇಲೆ ಒಣಗಿಸುವುದಕ್ಕೆ ಯಾವ ಆಮದೂ ಬೇಕಿಲ್ಲ.

ದಾಲ್ಚಿನ್ನಿಯಲ್ಲಿ ಲಂಕೆಗೆ ಎದುರಾಳಿ ಇಲ್ಲವೆಂದೇ ಹೇಳಬಹುದು, ಸಿಲೋನ್ ದಾಲ್ಚಿನ್ನಿಗೆ 2022ರಲ್ಲಿ ಯುರೋಪಿನ ಭೌಗೋಳಿಕ ಗುರುತು ಸಿಕ್ಕಿದೆ. ತಡೆ ಇರುವುದು ಸುಲಿಯುವ ಕೈಗಳಲ್ಲಿ. ಮಳೆ ಬಿದ್ದು ತೊಗಟೆ ಸಡಿಲವಾದಾಗ ಹೊರಸಿಪ್ಪೆ ಹೆರೆದು, ಹಿತ್ತಾಳೆ ಕಡ್ಡಿಯಲ್ಲಿ ಉಜ್ಜಿ, ಸೀಳಿ ಬಿಡಿಸಿ, ಒಳಗೆ ಚೂರು ತುಂಬಿ 42 ಇಂಚಿನ ಕೊಳವೆ ಮಾಡಿ ನೆರಳಿನಲ್ಲಿ ಒಣಗಿಸಬೇಕು. ಸುಲಿಯುವವರು ಎಷ್ಟೋ ಕಡೆ ಮಾಲಿನ ಅರ್ಧ ಪಾಲು ಕೇಳುತ್ತಾರೆ. ಆದರೂ ಅವರ ಮಕ್ಕಳು ಈ ಕೆಲಸಕ್ಕೆ ಬರುತ್ತಿಲ್ಲ.

ಹೊರಗಿನವರ ಕೃಪೆಯ ದರವನ್ನು ನಂಬಿದ ಇನ್ನೊಂದು ದ್ವೀಪ ಮಾರಿಷಸ್. ಯುರೋಪಿನ ಸಕ್ಕರೆ ಒಪ್ಪಂದದಲ್ಲಿ ದಶಕಗಳ ಕಾಲ ಮಾರುಕಟ್ಟೆಗಿಂತ ಬಹಳ ಹೆಚ್ಚಿನ ದರ ಸಿಕ್ಕಿತು. 2006ರಿಂದ ಹಂತಹಂತವಾಗಿ ದರ ಶೇ. 36ರಷ್ಟು ಇಳಿಯಿತು, 2009ರಲ್ಲಿ ಒಪ್ಪಂದವೇ ಮುಗಿಯಿತು. ಅವರು ಕಬ್ಬು ಕೀಳಲಿಲ್ಲ, ಚಂಡಮಾರುತಕ್ಕೆ ಬಾಗಿ ಮತ್ತೆ ಏಳುವ ಬೆಳೆ ಅಲ್ಲಿ ಬೇರೆ ಇಲ್ಲ. ಕಾರ್ಖಾನೆಗಳನ್ನು ಒಗ್ಗೂಡಿಸಿ ಕೈಬೆರಳೆಣಿಕೆಗೆ ಇಳಿಸಿದರು, ಕಚ್ಚಾ ಸಕ್ಕರೆಯ ಬದಲು ಸಂಸ್ಕರಿಸಿದ ಮತ್ತು ವಿಶೇಷ ಸಕ್ಕರೆ ಮಾಡಿದರು, ಕಬ್ಬಿನ ಸಿಪ್ಪೆ ಉರಿಸಿ ಕರೆಂಟ್ ಮಾರಿದರು. ಚಂಡಮಾರುತ, ಬರಕ್ಕೆ 1946ರಿಂದಲೇ ಎಲ್ಲ ಬೆಳೆಗಾರರೂ ಕಡ್ಡಾಯವಾಗಿ ಸೇರುವ ವಿಮಾ ನಿಧಿ ಇತ್ತು. ಕಡ್ಡಾಯ ಎನ್ನುವುದೇ ಅದರ ಬಲ. ನಷ್ಟದ ಭಯ ಇರುವವರಷ್ಟೇ ಸೇರುವ ವಿಮೆ ಎರಡು ಕೆಟ್ಟ ವರ್ಷಕ್ಕೆ ಬರಿದಾಗುತ್ತದೆ.

ಕೊನೆಗೆ ಆನೆ. ಆಲೂರು, ಸಕಲೇಶಪುರ, ಬೇಲೂರಿನವರು ಇದನ್ನು ಬಿಟ್ಟು ಬೇಸಾಯದ ಮಾತು ಕೇಳಲಾರರು. 2011ರ ಗಣತಿಯಂತೆ ಶ್ರೀಲಂಕಾದಲ್ಲಿ 5,879 ಆನೆ, ಅವು ಓಡಾಡುವ ನೆಲದ ಬಹುಪಾಲು ಜನರಿರುವ ಜಾಗ. ದ್ವೀಪವಾದ್ದರಿಂದ ಹಿಡಿದು ಇನ್ನೊಂದು ರಾಜ್ಯದ ಕಾಡಿಗೆ ಬಿಡುವ ದಾರಿಯೂ ಇಲ್ಲ. ಮೊದಲು ವಿದ್ಯುತ್ ಬೇಲಿ ಹಾಕಿದ್ದು ಇಲಾಖೆಗಳ ಗಡಿಗೆ: ಒಂದು ಕಡೆ ವನ್ಯಜೀವಿ ಇಲಾಖೆಯ ಕಾಡು, ಇನ್ನೊಂದು ಕಡೆ ಅರಣ್ಯ ಇಲಾಖೆಯ ಕಾಡು, ಎರಡೂ ಕಡೆ ಆನೆ. ಕಾಯುವ ಊರು ಹತ್ತಿರವಿಲ್ಲದ ಆ ಬೇಲಿಯ ಕಂಬವನ್ನು ಆನೆ ನಿಧಾನಕ್ಕೆ ತಳ್ಳಿ ಬೀಳಿಸುತ್ತದೆ. ಆಮೇಲೆ ಫಲ ಕೊಟ್ಟದ್ದು ಊರಿನ ಸುತ್ತ ವರ್ಷವಿಡೀ ಇರುವ ಬೇಲಿ ಮತ್ತು ಗದ್ದೆ ಬಯಲಿನ ಸುತ್ತ ಹಂಗಾಮಿಗಷ್ಟೇ ಹಾಕುವ ಬೇಲಿ. ಸೌರ ಫಲಕ, 12 ವೋಲ್ಟ್ ಬ್ಯಾಟರಿ, ತಂತಿಗೆ ಕ್ಷಣಕ್ಷಣಕ್ಕೂ ಕರೆಂಟ್ ಮಿಡಿಸುವ ಎನರ್ಜೈಸರ್, ಎಲ್ಲ ಕಡೆ ಸಿಗುವ ಸಾಮಾನುಗಳೇ. ಕೆಡುವುದು ಹುಲ್ಲು ತಂತಿಗೆ ತಾಗಿ ಕರೆಂಟ್ ನೆಲಕ್ಕಿಳಿದಾಗ, ಬ್ಯಾಟರಿ ನೀರು ಯಾರೂ ನೋಡದಾಗ. ಅದಕ್ಕೇ ಬೇಲಿಯನ್ನು ರೈತರ ಸಮಿತಿಯೇ ನೋಡಿಕೊಳ್ಳುತ್ತದೆ, ಹುಲ್ಲು ಕೊಯ್ಯುವ ಸರದಿ ಇರುತ್ತದೆ. ಕೊಯ್ಲಾದ ಮೇಲೆ ತಂತಿ ಬಿಚ್ಚಿ ಸುತ್ತಿಡುತ್ತಾರೆ, ಆನೆ ಕೂಳೆ ಮೇಯುತ್ತದೆ. ಆಲೂರು ಕಡೆಯ ಗದ್ದೆ ಬಯಲಿಗೆ ಈ ಕ್ರಮ ಹಾಗೆಯೇ ಹೊಂದುತ್ತದೆ. ಕಾಫಿ ತೋಟಕ್ಕೆ ಹೊಂದುವುದಿಲ್ಲ, ಅಲ್ಲಿ ಬೆಳೆ ಹನ್ನೆರಡು ತಿಂಗಳೂ ನೆಲದಲ್ಲಿದೆ, ತೋಟಕ್ಕೊಂದು ಬೇಲಿ ಹಾಕಿದರೆ ಆನೆ ಪಕ್ಕದ ತೋಟಕ್ಕೆ ಹೋಗುತ್ತದೆ. ತೋಟ ಬಿಟ್ಟು ಆಳುಗಳ ಲೈನ್ ಮನೆಗಳು, ಕಣ, ಗೋದಾಮು ಇರುವಷ್ಟು ಜಾಗವನ್ನು ಮಾತ್ರ ಸುತ್ತುವರಿದು, ಅಲ್ಲಿನ ಬೇಲಿಯ ಹುಲ್ಲಿಗೆ ಒಬ್ಬ ಆಳನ್ನು ವರ್ಷವಿಡೀ ಗೊತ್ತು ಮಾಡುವುದು ಸದ್ಯಕ್ಕೆ ಕೈಗೆಟುಕುವ ಕೆಲಸ.